ಸಂಗಮದ ಬಿಳಿಮೀನು

ಕಡಲಾಮೆಗಳ ಸಂಗತಿಯನ್ನು ನೀವು ಓದಿರಬಹುದು. ಸಾವಿರಾರು ಕಿಲೋಮೀಟರ್ ಈಜಿ, ಮೊಟ್ಟೆಯಿಡುವ ಕಾಲಕ್ಕೆ ಒಡಿಶಾದ ಗಹಿರಮಠದಂತಹ ದಡಗಳಿಗೆ ಅವು ಮರಳಿ ಬರುತ್ತವೆ. ಆ ದಾರಿಯಲ್ಲೇ ಮೀನುಗಾರರ ದೋಣಿಗಳು ಬಲೆ ಎಳೆಯುತ್ತಿರುತ್ತವೆ. ಮೀನಿಗಾಗಿ ಬೀಸಿದ ಬಲೆಯಲ್ಲಿ ಆಮೆ ಸಿಲುಕುತ್ತದೆ. ಉಸಿರಾಡಲು ಮೇಲೆ ಬರಲಾರದೆ ಸಾಯುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಕಡೆಯವರಿಗೆ ಇದೆಲ್ಲ ದೂರದ ಮಾತೆಂದು ತೋರುವುದು ಸಹಜ. ನಮ್ಮದು ರಾಗಿ, ರೇಷ್ಮೆ, ಬಂಡೆಗಲ್ಲುಗಳ ಸೀಮೆ. ಆದರೆ ವಲಸೆ ಹೋಗುವ ಜೀವಿಗೂ ಅದನ್ನು ಹಿಡಿಯುವ ಮನುಷ್ಯನಿಗೂ ನಡುವಿನ ಇಂತಹುದೇ ಒಂದು ಕಥೆ ನಮ್ಮ ಕನಕಪುರ ತಾಲ್ಲೂಕಿನ ಅಂಚಿನಲ್ಲಿಯೇ ನಡೆದಿದೆ, ಇನ್ನೂ ನಡೆಯುತ್ತಿದೆ. ಅದು ಕಾವೇರಿಯ ಮಹಶೀರ್ ಮೀನಿನ ಕಥೆ. ಹಳೆಯ ಜನ ಇದನ್ನು ಬಿಳಿಮೀನು ಎಂದು ಕರೆಯುತ್ತಿದ್ದರು.

ಮೊದಲು ನೀರಿನ ದಾರಿಯನ್ನು ನೋಡೋಣ. ನಂದಿಬೆಟ್ಟದ ಬಳಿ ಹುಟ್ಟುವ ಅರ್ಕಾವತಿಯು ಮಾಗಡಿಯ ಅಂಚನ್ನು ಸವರಿ, ರಾಮನಗರದ ಪಕ್ಕದಲ್ಲಿ ಹರಿದು, ಕನಕಪುರವನ್ನು ದಾಟಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಚನ್ನಪಟ್ಟಣದ ಕಡೆಯ ಕಣ್ವ ಹೊಳೆಯು ಶಿಂಷಾವನ್ನು ಕೂಡಿಕೊಳ್ಳುತ್ತದೆ. ಶಿಂಷಾ ಸಂಗಮಕ್ಕಿಂತ ಮೇಲೆಯೇ ಕಾವೇರಿಗೆ ಇಳಿಯುತ್ತದೆ. ಹೀಗೆ ನಾಲ್ಕೂ ತಾಲ್ಲೂಕುಗಳ ನೀರು ಕಡೆಗೆ ಮುಟ್ಟುವುದು ಒಂದೇ ಕಣಿವೆಯನ್ನು. ಸಂಗಮದಿಂದ ಕೆಲವೇ ಕಿಲೋಮೀಟರ್ ಕೆಳಗೆ ಮೇಕೆದಾಟು. ಅಲ್ಲಿ ಇಡೀ ಕಾವೇರಿ ಕಲ್ಲಿನ ಕಿರುಗಂಡಿಯೊಳಗೆ ನುಗ್ಗುತ್ತದೆ. ಅದರ ಮೇಲಕ್ಕೂ ಕೆಳಕ್ಕೂ ಆಳವಾದ ಮಡುಗಳು, ನಡುನಡುವೆ ಬಂಡೆಗಳ ಮೇಲೆ ನೊರೆಯುಕ್ಕುವ ಇಳಿಜಾರುಗಳು. ಬಿಳಿಮೀನಿಗೆ ಇವೆರಡೂ ಬೇಕು. ಬೇಸಿಗೆಯಲ್ಲಿ ಅದು ಮಡುವಿನಲ್ಲಿ ಉಳಿಯುತ್ತದೆ. ಮುಂಗಾರಿನ ಕೆಂಪು ನೀರು ಬಂದೊಡನೆ ಪ್ರವಾಹಕ್ಕೆ ಎದುರಾಗಿ ಏರುತ್ತದೆ; ಜಲ್ಲಿಕಲ್ಲಿನ ಮೇಲೆ ತಿಳಿನೀರು ಹರಿಯುವ ಜಾಗವನ್ನು ಹುಡುಕಿ ಮೊಟ್ಟೆಯಿಡುತ್ತದೆ; ನೀರು ಇಳಿಯುವ ಹೊತ್ತಿಗೆ ಮಡುವಿಗೆ ಮರಳುತ್ತದೆ. ಕಟ್ಲಾ, ರೋಹು ಮೊದಲಾದ ಮೀನುಗಳಿಗೆ ಹೋಲಿಸಿದರೆ ಇದರ ಮೊಟ್ಟೆಗಳ ಸಂಖ್ಯೆ ಕಡಿಮೆ. ಬೆಳೆಯುವುದೂ ನಿಧಾನ. ಆದುದರಿಂದ ಒಂದು ದೊಡ್ಡ ಹೆಣ್ಣುಮೀನು ಹೋದರೆ ಆ ನಷ್ಟ ತುಂಬಲು ವರ್ಷಗಳೇ ಬೇಕು.

ಈ ನಾಡಿನಲ್ಲಿ ಗಾಳ ಹಾಕುವ ವಿದ್ಯೆ ಬಿಳಿಯರು ತಂದುದಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಅಧ್ಯಾಯವೇ ಇದೆ. ಯಾವ ಮೀನಿಗೆ ಯಾವ ಎರೆ ಹಾಕಬೇಕು, ದಾರ ಹೇಗಿರಬೇಕು ಎಂಬುದನ್ನೆಲ್ಲ ಅರಸನು ಅಲ್ಲಿ ಬಿಡಿಸಿ ಹೇಳುತ್ತಾನೆ. ಮೀನುಗಳ ಮಹಾವಿದ್ವಾಂಸ ಸುಂದರಲಾಲ್ ಹೋರಾ ಅವರು 1951ರಲ್ಲಿ ಆ ಅಧ್ಯಾಯವನ್ನು ವಿಜ್ಞಾನಿಯ ಕಣ್ಣಿನಿಂದ ಓದಿ ಲೇಖನ ಬರೆದರು. ರಾಜಕಾರ್ಯಗಳ ನಡುವೆ ಒಬ್ಬ ಅರಸನಿಗೆ ಇಷ್ಟು ಪುರುಸೊತ್ತು ಹೇಗೆ ಸಿಕ್ಕಿತೋ ಎಂದು ಆಶ್ಚರ್ಯವಾಗುತ್ತದೆ!

ಆಂಗ್ಲರ ಕಾಲದಲ್ಲಿ ಇಬ್ಬರ ಹೆಸರನ್ನು ನೆನೆಯಬೇಕು. ಒಬ್ಬರು ಫ್ರಾನ್ಸಿಸ್ ಡೇ. ಮದರಾಸಿನ ಸೈನ್ಯದಲ್ಲಿ ವೈದ್ಯರಾಗಿದ್ದ ಇವರು ಬಳಿಕ ಮೀನುಗಾರಿಕೆಯ ತಪಾಸಣಾಧಿಕಾರಿಯಾಗಿ ಭಾರತ, ಬರ್ಮಾಗಳ ಸಿಹಿನೀರಿನ ಮೀನುಗಳ ಕುರಿತು 1873ರಲ್ಲಿ ವರದಿ ಕೊಟ್ಟರು. ಸಣ್ಣ ಕಣ್ಣಿನ ಬಲೆಗಳು, ಹೊಳೆಗೆ ಅಡ್ಡಲಾಗಿ ಕಟ್ಟುವ ಬೇಲಿ ಬೋನುಗಳು ಮರಿಮೀನನ್ನೂ ಮೊಟ್ಟೆಮೀನನ್ನೂ ಉಳಿಸುತ್ತಿಲ್ಲವೆಂಬುದು ಅವರ ದೂರು. ಇನ್ನೊಬ್ಬರು ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್. ಭಾರತದಲ್ಲಿ ಗಾಳ ಹಾಕುವುದನ್ನು ಕುರಿತ ಅವರ ಹೆಸರಾಂತ ಆಂಗ್ಲ ಪುಸ್ತಕವು ಅದೇ 1873ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ಪುಸ್ತಕ ಭಂಡಾರದಿಂದ ಹೊರಬಂದಿತು. ಕನ್ನಡ ಪುಸ್ತಕೋದ್ಯಮಕ್ಕೆ ಅಷ್ಟೊಂದು ಸೇವೆ ಸಲ್ಲಿಸಿದ ಆ ಮಿಷನ್ನು ಮಹಶೀರ್ ಮೀನಿನ ಕೀರ್ತಿಯನ್ನೂ ಹಡಗು ಹತ್ತಿಸಿತೆಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿಯದ ಸಂಗತಿ.

ಇಂತಹವರ ಬರಹಗಳಿಂದ ಕಾನೂನಿಗೂ ದಾರಿಯಾಯಿತು. 1897ರ ಭಾರತೀಯ ಮೀನುಗಾರಿಕೆ ಕಾಯಿದೆಯು ಸಿಡಿಮದ್ದು ಹಾಕಿ ಇಲ್ಲವೆ ವಿಷ ಬೆರೆಸಿ ಮೀನು ಹಿಡಿಯುವುದನ್ನು ಅಪರಾಧವೆಂದು ಸಾರಿತು. 1901ರಲ್ಲಿ ಮೈಸೂರು ಸಂಸ್ಥಾನವೂ ಬೇಟೆಯ ಪ್ರಾಣಿಗಳ ಹಾಗೂ ಮೀನುಗಳ ರಕ್ಷಣೆಗಾಗಿ ತನ್ನದೇ ಶಾಸನ ಮಾಡಿತು. ಒಂದು ಶತಮಾನಕ್ಕೂ ಹಿಂದಿನ ಈ ನಿಷೇಧ ಇಂದಿಗೂ ಪೂರ್ತಿಯಾಗಿ ಜಾರಿಗೆ ಬಂದಿದೆಯೆಂದು ಹೇಳುವ ಧೈರ್ಯ ಯಾರಿಗೂ ಇರಲಾರದು.

ಬಿಳಿಮೀನಿನ ಗಾತ್ರದ ಬಗ್ಗೆ ಒಂದು ಮಾತು. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಪಿಲಾ ನದಿಯಲ್ಲಿ 120 ಪೌಂಡ್, ಎಂದರೆ 54 ಕಿಲೋಗ್ರಾಮಿಗೂ ಮಿಕ್ಕಿದ ಮಹಶೀರನ್ನು ಗಾಳದಲ್ಲಿ ಹಿಡಿದರು. ಮಹಾರಾಜರು ಬೇಟೆಯಾಡಿದ ಹುಲಿಗಳಿಗೆ ಹದ ಹಾಕಿ ನಿಲ್ಲಿಸುತ್ತಿದ್ದ ಮನೆತನ ಅವರದು. ಒಬ್ಬ ಪ್ರಾಯದ ಗಂಡಸಿನಷ್ಟು ತೂಗುವ ಮೀನು! ಆ ದಾಖಲೆಗೆ ಕಾರಣವಾದುದು ಕಾವೇರಿ ಮತ್ತದರ ಉಪನದಿಗಳಲ್ಲಲ್ಲದೆ ಲೋಕದಲ್ಲಿ ಬೇರೆಲ್ಲಿಯೂ ಇರದ ಗೂನುಬೆನ್ನಿನ ಮಹಶೀರ್.

ಅಷ್ಟು ಹೊತ್ತಿಗೆ ನದಿಯೇ ಬೇರೆಯಾಗಿತ್ತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆ ಮೇಲೆ ಎದ್ದು ನಿಂತಿತ್ತು. 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟು ಕೆಳಗೆ ಬಾಗಿಲು ಹಾಕಿತ್ತು. ಸಮುದ್ರದಲ್ಲಿ ಹುಟ್ಟಿ ಹೊಳೆಯಲ್ಲಿ ಬೆಳೆಯುವ ಹಾವುಮೀನು, ಸಮುದ್ರದಿಂದ ಮೊಟ್ಟೆಯಿಡಲು ನದಿ ಹತ್ತುವ ಹಿಲ್ಸಾ, ಇವು ಕಾವೇರಿಯ ಹಳೆಯ ಪ್ರಯಾಣಿಕರು. ಇವುಗಳಿಗೆ ಮೆಟ್ಟೂರಿನ ಗೋಡೆ ದಾಟಲಾಗದ ಗಡಿಯಾಯಿತು. ಕಡಲಿಗೂ ನಮ್ಮ ಕನಕಪುರದ ಕಾಡಿಗೂ ಇದ್ದ ಮೀನಿನ ನಂಟು ಕಡಿದುದು ಹೀಗೆ. ಬಿಳಿಮೀನಿಗೆ ಕಡಲಿನ ಅಗತ್ಯವಿಲ್ಲ, ನಿಜ. ಆದರೆ ಮೇಲೆ ಶಿವನಸಮುದ್ರದ ಜಲಪಾತ, ಕೆಳಗೆ ಹೊಗೆನಕಲ್ಲು, ಅದರಾಚೆ ಮೆಟ್ಟೂರಿನ ನಿಂತ ನೀರು. ಇವುಗಳ ನಡುವಿನ ನದಿಯಷ್ಟೇ ಅದರ ಪಾಲಿಗೆ ಉಳಿಯಿತು. ಮುಂಗಾರಿನ ಪ್ರವಾಹವೂ ಮಳೆಯ ಮಾತನ್ನು ಕೇಳುವುದನ್ನು ಬಿಟ್ಟು, ಅಣೆಕಟ್ಟಿನ ತೂಬಿನ ಮಾತನ್ನು ಕೇಳತೊಡಗಿತು.

ಉಪನದಿಗಳತ್ತ ತಿರುಗೋಣವೆಂದರೆ ಅಲ್ಲಿಯೂ ಅದೇ ಕಥೆ. ತಿಪ್ಪಗೊಂಡನಹಳ್ಳಿ, ಮಂಚನಬೆಲೆ, ಚನ್ನಪಟ್ಟಣದ ಕಣ್ವ, ಶಿಂಷಾಕ್ಕೆ ಇಗ್ಗಲೂರು, ಹೀಗೆ ಒಂದಾದ ಮೇಲೊಂದು ಕಟ್ಟೆ. ಕ್ರಿಸ್ತರ ಪಾಡಿನ ನಾಟಕದಿಂದ ನಿಮಗೆಲ್ಲ ಪರಿಚಿತವಾದ ಹಾರೋಬೆಲೆಯ ಬಳಿಯೂ ಅರ್ಕಾವತಿಗೆ ಜಲಾಶಯವಾಗಿದೆ. ಇವುಗಳಿಂದ ಕುಡಿಯಲು ನೀರು, ಹೊಲಕ್ಕೆ ನೀರು ದೊರೆತಿದೆ; ಕಟ್ಟಬಾರದಿತ್ತೆಂದು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕುಳಿತು ಹೇಳುವುದು ಸುಲಭ. ಆದರೆ ಮೀನಿನ ದಾರಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಬೆಂಗಳೂರಿನ ಕೊಳಚೆಯನ್ನು ಹೊತ್ತು ತರುವ ವೃಷಭಾವತಿಯೂ ಅರ್ಕಾವತಿಗೇ ಸೇರುತ್ತದೆ. ಜಲ್ಲಿಕಲ್ಲಿನ ಮೇಲಿನ ತಿಳಿನೀರಿಗಾಗಿ ಹೊಳೆ ಹತ್ತುವ ಮೀನಿಗೆ ಆ ನೀರಿನಲ್ಲಿ ಏನು ದೊರೆತೀತೆಂದು ನೀವೇ ಊಹಿಸಿಕೊಳ್ಳಿ.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಕಾವೇರಿಯ ದೊಡ್ಡ ಮಹಶೀರ್ ಮುಗಿದೇಹೋಯಿತೆಂದು ಗಾಳಗಾರರ ಲೋಕ ನಂಬಿತ್ತು. 1977–78ರಲ್ಲಿ ಇಂಗ್ಲೆಂಡಿನಿಂದ ಬಂದ ಮೂವರು ಯುವಕರ ತಂಡವೊಂದು ದೇಶದ ನದಿಗಳನ್ನೆಲ್ಲ ಸುತ್ತಿ ಕಡೆಗೆ ಕಾವೇರಿಯಲ್ಲಿ ಭಾರಿ ಮೀನುಗಳನ್ನು ಹಿಡಿದು ತೋರಿಸಿತು. ಅಲ್ಲಿಂದ ಮುಂದೆ ವಿದೇಶಗಳಿಂದ ಜನ ಬರತೊಡಗಿದರು. 1972ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ವನ್ಯಜೀವಿ ಸಂಘವು ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾಯತೊಡಗಿತು. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯು ದೊಡ್ಡಮಾಕಳಿ, ಭೀಮೇಶ್ವರಿ ಮತ್ತು ಸಂಗಮಕ್ಕೆ ಸಮೀಪದ ಗಾಳಿಬೋರೆಯಲ್ಲಿ ಶಿಬಿರಗಳನ್ನು ತೆರೆಯಿತು. ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆದು, ಜೀವಂತ ನೀರಿಗೆ ಬಿಡಬೇಕೆಂಬುದು ಅಲ್ಲಿನ ನಿಯಮ. ಎರೆಯಾದರೋ ನಮ್ಮ ರಾಗಿ ಮುದ್ದೆ! ಗಟ್ಟಿಯಾಗಿ ಬೇಯಿಸಿದ ಉಂಡೆಯನ್ನು ಗಾಳಕ್ಕೆ ಮೆತ್ತಿ, ಹರಿಗೋಲಿನಲ್ಲಿ ಕುಳಿತು ಮಡುವಿಗೆ ಎಸೆಯುತ್ತಿದ್ದರು.

ಇಲ್ಲಿ ಓದುಗರು ಸ್ವಲ್ಪ ನಿಲ್ಲಬೇಕು. ನದಿದಡದ ಹಳ್ಳಿಗಳಲ್ಲಿ ಹೊಲವಿಲ್ಲದ, ಕೂಲಿಯೂ ಸಾಲದ ಮನೆಗಳಿಗೆ ಮೀನೇ ಆಧಾರ. ಬಲೆ ಬೀಸುವವರ ಜೊತೆಗೆ, ಕಲ್ಲು ಸೀಳುವ ಸಿಡಿಮದ್ದನ್ನು ಮಡುವಿಗೆ ಎಸೆಯುವವರೂ ಇದ್ದರು. ಸಿಡಿಮದ್ದು ಒಂದು ಕ್ಷಣದಲ್ಲಿ ಮಡುವಿನ ದೊಡ್ಡದು, ಸಣ್ಣದು, ಮೊಟ್ಟೆ ಹೊತ್ತದ್ದು ಎಲ್ಲವನ್ನೂ ಕೊಲ್ಲುತ್ತದೆ. ಸತ್ತುದರಲ್ಲಿ ಕೈಗೆ ಸಿಗುವುದು ಕೆಲವು ಮಾತ್ರ, ಉಳಿದವು ತಳದಲ್ಲಿ ಕೊಳೆಯುತ್ತವೆ. ಶಿಬಿರಗಳು ಬಂದಾಗ ಹೀಗೆ ಕದ್ದು ಹಿಡಿಯುತ್ತಿದ್ದವರಲ್ಲಿಯೇ ಹಲವರನ್ನು ಕಾವಲುಗಾರರನ್ನಾಗಿ, ಹರಿಗೋಲು ನಡೆಸುವವರನ್ನಾಗಿ, ಅತಿಥಿಗಳಿಗೆ ದಾರಿ ತೋರುವವರನ್ನಾಗಿ ನೇಮಿಸಿಕೊಂಡರು. ಮೀನಿನ ಗುಟ್ಟು ಬಲ್ಲವನಿಗೆ ಸತ್ತ ಮೀನಿಗಿಂತ ಬದುಕಿರುವ ಮೀನಿನಿಂದಲೇ ಹೆಚ್ಚು ಸಂಪಾದನೆಯಾಗತೊಡಗಿತು. ಕಾವಲು ಇದ್ದ ಕಡೆ ಸಿಡಿಮದ್ದಿನ ಸದ್ದು ಅಡಗಿತು. ಈ ಏರ್ಪಾಡಿನಲ್ಲಿ ಸಿರಿವಂತರ ವಿನೋದವಿತ್ತೆಂಬುದನ್ನು ಅಲ್ಲಗಳೆಯಲಾಗದು. ಆದರೂ ಬಡವರ ಒಲೆ ಉರಿಯಿತು, ಮೀನೂ ಉಳಿಯಿತು. ಅಂತಹ ಏರ್ಪಾಡುಗಳು ನಮ್ಮಲ್ಲಿ ಅಪರೂಪ.

ಗಾಳಿಬೋರೆಯವರು ದಿನದಿನದ ಲೆಕ್ಕ ಬರೆದಿಟ್ಟುದು ಮುಂದೆ ವಿಜ್ಞಾನಕ್ಕೆ ಒದಗಿತು. 1998ರಿಂದ 2012ರವರೆಗೆ ಅಲ್ಲಿ 23,620 ಗಂಟೆಗಳ ಕಾಲ ಗಾಳ ಹಾಕಲಾಗಿತ್ತು; 6,161 ಮಹಶೀರುಗಳನ್ನು ಹಿಡಿದು ಬಿಡಲಾಗಿತ್ತು; ಅವುಗಳಲ್ಲಿ ಅತಿ ದೊಡ್ಡದು 46.8 ಕಿಲೋ. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ಎಂಬ ಸಂಶೋಧಕರು 2015ರಲ್ಲಿ ಈ ಲೆಕ್ಕವನ್ನು ಬಿಡಿಸಿ ನೋಡಿದಾಗ ಮೀನಿನ ಸಂಖ್ಯೆ ಹೆಚ್ಚಿರುವುದು ಕಂಡಿತು. ಸಂತೋಷಪಡಬೇಕಾದ ಸುದ್ದಿಯೇ. ಆದರೆ ಯಾವ ಮೀನು ಹೆಚ್ಚಿತು? ನೀಲಿ ರೆಕ್ಕೆಯ ಮಹಶೀರ್. ಗೂನುಬೆನ್ನಿನದು ಕಡಿಮೆಯಾಗುತ್ತ ಬಂದಿತ್ತು. ಸಿಕ್ಕರೂ ದೊಡ್ಡವೇ ಸಿಗುತ್ತಿದ್ದವು, ಮರಿಗಳಂತೂ ಕಾಣುವುದೇ ಅಪರೂಪವಾಗಿತ್ತು. ಅಜ್ಜ ಅಜ್ಜಿಯರಷ್ಟೇ ಉಳಿದ ಊರನ್ನು ನೆನೆಯಿರಿ.

ನೀಲಿ ರೆಕ್ಕೆಯ ಮೀನು ಬಂದುದಾದರೂ ಎಲ್ಲಿಂದ? ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯ ಕೆರೆಗಳ ಬಳಿ 1970ರ ದಶಕದಲ್ಲಿ ಮಹಶೀರನ್ನು ಕೃತಕವಾಗಿ ಮರಿ ಮಾಡಿಸುವ ಕ್ರಮವನ್ನು ಸಾಧಿಸಿದರು. ಅಳಿಯುತ್ತಿರುವ ಮೀನನ್ನು ಉಳಿಸುವ ಸದುದ್ದೇಶದಿಂದಲೇ ಆ ಮರಿಗಳನ್ನು ದೇಶದ ನಾನಾ ನದಿಗಳಿಗೆ ಹಂಚಿದರು, ಕಾವೇರಿಗೂ ಬಿಟ್ಟರು. ಎಲ್ಲ ಮಹಶೀರುಗಳೂ ಒಂದೇ ಎಂಬ ಎಣಿಕೆ ಅಂದಿನದು. ಕಾವೇರಿಯ ಗೂನುಬೆನ್ನಿನ ಮೀನಿಗೆ ಅಂದು ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಹೆಸರಿಲ್ಲದ ಮೀನನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸುವುದಾದರೂ ಹೇಗೆ? 2007ರಲ್ಲಿ ಕೇರಳದ ಪಾಂಬಾರ್ ಹೊಳೆಯ ಮಹಶೀರಿಗೆ, ಭಾರತೀಯ ಪ್ರಾಣಿ ಸರ್ವೇಕ್ಷಣದ ವಿಜ್ಞಾನಿ ರಮಾದೇವಿಯವರ ಗೌರವಾರ್ಥ ‘ಟಾರ್ ರಮಾದೇವಿ’ ಎಂದು ಹೆಸರಿಟ್ಟಿದ್ದರು. ಆ ಹೊಳೆಯೂ ಕಾವೇರಿಗೆ ಸೇರುವ ನೀರೇ. 2018ರಲ್ಲಿ ವಂಶವಾಹಿಗಳನ್ನು ಹೋಲಿಸಿದಾಗ ಕಾವೇರಿಯ ಗೂನುಬೆನ್ನಿನ ಮೀನು ಅದೇ ಎಂದು ಸ್ಪಷ್ಟವಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಅದನ್ನು ತೀವ್ರ ಅಪಾಯದಲ್ಲಿರುವ ಜೀವಿಯೆಂದು ಗುರುತಿಸಿತು. ಆ ಹೋಲಿಕೆಗೆ ಮೀನು ದೊರೆತುದು ನೀಲಗಿರಿಯ ಬುಡದಲ್ಲಿ ಹರಿಯುವ ಮೋಯಾರ್ ನದಿಯಲ್ಲಿ.

ಇಷ್ಟರಲ್ಲಿ ಸಂಗಮದ ಶಿಬಿರಗಳ ಕಥೆಯೂ ತಿರುವು ಪಡೆದಿತ್ತು. 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮದೊಳಗೆ ಈ ನೀರೆಲ್ಲ ಬರುತ್ತದೆ. ಅಭಯಾರಣ್ಯದಲ್ಲಿ ಗಾಳ ಹಾಕುವುದೂ 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಬೇಟೆಯೇ ಆಗುತ್ತದೆಂದು ಅಧಿಕಾರಿಗಳು ತೀರ್ಮಾನಿಸಿದರು. 2010ರ ಬಳಿಕ ಹಂತಹಂತವಾಗಿ ಗಾಳ ನಿಂತಿತು. ಕಾಯಿದೆಯ ಅಕ್ಷರಕ್ಕೆ ಇದು ಸರಿಯೇ. ಆನೆ ಜಿಂಕೆಗಳಿಗೆ ಒಂದು ನ್ಯಾಯ, ಮೀನಿಗೆ ಇನ್ನೊಂದು ಏಕೆಂದು ಕೇಳುವುದರಲ್ಲಿಯೂ ಅರ್ಥವಿದೆ. ಆದರೆ ಗಾಳದೊಡನೆ ಮಡುಗಳ ಮೇಲಿನ ಕಣ್ಣುಗಳೂ ಹೋದವು, ಲೆಕ್ಕದ ಪುಸ್ತಕವೂ ಮುಚ್ಚಿತು. ಕಾವಲಿನ ಕೆಲಸ ಕಳೆದುಕೊಂಡವನು ಮತ್ತೆ ಬಲೆ ಹಿಡಿದರೆ ಅವನನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ.

ಇನ್ನೊಂದು ವಿಷಯ ಬಾಕಿ ಇದೆ. ಮೇಕೆದಾಟಿನಲ್ಲಿ ಸುಮಾರು 67 ಟಿ.ಎಂ.ಸಿ. ನೀರು ನಿಲ್ಲಿಸುವ ಅಣೆಕಟ್ಟನ್ನು ಕರ್ನಾಟಕ ಯೋಜಿಸಿದೆ. ಬೆಂಗಳೂರಿಗೆ ಕುಡಿಯುವ ನೀರೇ ಅದರ ಮುಖ್ಯ ಉದ್ದೇಶ. ತಮಿಳುನಾಡು ವಿರೋಧಿಸುತ್ತ ಬಂದಿದೆ. ಎರಡೂ ರಾಜ್ಯಗಳ ವಾದದಲ್ಲಿ ನೀರಿನ ಪಾಲಿನ ಮಾತು ಕೇಳುತ್ತದೆ, ಮುಳುಗುವ ಸುಮಾರು 5,000 ಹೆಕ್ಟೇರ್ ಭೂಮಿಯ ಮಾತೂ ಆಗೀಗ ಕೇಳುತ್ತದೆ. ಅದರಲ್ಲಿ ಬಹುಪಾಲು ಕಾಡು. ಸಂಗಮದ ಮಡುಗಳೂ ಗಾಳಿಬೋರೆಯ ಇಳಿಜಾರುಗಳೂ ನಿಂತ ನೀರಿನಡಿಗೆ ಹೋದರೆ, ಹರಿವಿಗೆ ಎದುರೇರಿ ಮೊಟ್ಟೆಯಿಡುವ ಬಿಳಿಮೀನಿಗೆ ಉಳಿಯುವುದು ಮೋಯಾರಿನಂತಹ ಒಂದೆರಡು ಹೊಳೆಗಳು. ಕೆರೆಯ ನೀರಿನಲ್ಲಿ ಕಟ್ಲಾ ಬೆಳೆಯುತ್ತದೆ, ರೋಹು ಬೆಳೆಯುತ್ತದೆ, ಗುತ್ತಿಗೆದಾರನಿಗೆ ಲಾಭವೂ ಬರುತ್ತದೆ. ಬಿಳಿಮೀನು ಅಲ್ಲಿ ಮರಿ ಮಾಡದು.