ಸಮ್ಮತಿಯ ಮಾತು: ಕೃಷ್ಣಾ–ಘಟಪ್ರಭಾ ಸೀಮೆಯ ಕುಟುಂಬ ಚರಿತ್ರೆಯಿಂದ ಒಂದು ಪುಟ

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ದೇವಾಲಯದ ಗೋಡೆ, ಗೋಪುರ, ಗಂಟೆಗಳ ಚರಿತ್ರೆಯನ್ನು ನಾವು ನೆನೆಯುವುದು ಸಹಜ. ಆದರೆ ಧರ್ಮಸಭೆಯ ನಿಜವಾದ ಚರಿತ್ರೆಯು ಕುಟುಂಬಗಳ ಚರಿತ್ರೆಯೇ ಆಗಿದೆ. ವಿವಾಹ ದಾಖಲೆಯ ಒಂದೊಂದು ಸಾಲಿನ ಹಿಂದೆಯೂ ಪೀಠದ ಮುಂದೆ ಗುರುಗಳು ವಧೂವರರಿಗೆ ಹಾಕಿದ ಒಂದು ಪ್ರಶ್ನೆಯಿದೆ. ಯಾರ ಒತ್ತಾಯವೂ ಇಲ್ಲದೆ, ಸ್ವಂತ ಮನಸ್ಸಿನಿಂದ ಬಂದಿರುವಿರಾ ಎಂಬುದೇ ಆ ಪ್ರಶ್ನೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಗಳ ಈ ಸೀಮೆಯಲ್ಲಿ ಆ ಪ್ರಶ್ನೆಗೆ ಎಷ್ಟು ಬೆಲೆಯಿದೆ ಎಂಬುದನ್ನು ಇಲ್ಲಿ ವಿವೇಚಿಸಲು ಬಯಸುತ್ತೇವೆ.

ಹಿಂದೆ ಈ ಸೀಮೆಯನ್ನು ಆಳಿದವರು ಹಲವರು. ಜಮಖಂಡಿಯು ಪಟವರ್ಧನರ ಸಂಸ್ಥಾನ, ಮುಧೋಳವು ಘೋರ್ಪಡೆಯವರದು. ನೇಕಾರರ ಬನಹಟ್ಟಿ ಜಮಖಂಡಿಗೆ ಸೇರಿದ್ದರೆ ನೆರೆಯ ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. 1956ರಲ್ಲಿ ಸೀಮೆಯೆಲ್ಲವೂ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆಯ ಭಾಗವಾಯಿತು. ಆಳುವವರು ಬೇರೆಯಾದರೂ ಮದುವೆಯ ಮಾತು ಎಲ್ಲೆಡೆ ಹಿರಿಯರದೇ ಆಗಿತ್ತು. ಅಕ್ಕನ ಮಗಳ ಮೇಲೆ ಸೋದರಮಾವನಿಗೆ ಹಕ್ಕು. ಹೊಲ, ಮನೆ, ಮಗ್ಗ ಕೈಬಿಡಬಾರದೆಂಬ ಲೆಕ್ಕ. ಹುಡುಗಿಯ ಮನಸ್ಸನ್ನು ಕೇಳಿದವರು ವಿರಳ.

ಹೀಗೆ ಕೇಳದೆ ನಡೆದ ಮದುವೆಗಳಲ್ಲಿ ಅತ್ಯಂತ ದಾರುಣವಾದುದು ಮುತ್ತು ಕಟ್ಟುವ ಪದ್ಧತಿ. ಹೆಚ್ಚಾಗಿ ಬಡ ದಲಿತ ಮನೆಗಳ ಹೆಣ್ಣುಮಕ್ಕಳನ್ನು, ಇನ್ನೂ ಮೈನೆರೆಯುವ ಮೊದಲೇ, ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಕೊರಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಡುತ್ತಿದ್ದರು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಆಕೆಯೇ ಮಗನಂತೆ ಉಳಿದು ತಂದೆ ತಾಯಿಗಳನ್ನು ಸಾಕಬೇಕು. ತಲೆಯಲ್ಲಿ ಜಡೆಗಟ್ಟಿದರೆ ಅದೂ ದೇವಿಯ ಕರೆಯೇ. ಆಕೆಗೆ ಗಂಡನಿಲ್ಲ, ಮಕ್ಕಳಿಗೆ ತಂದೆಯ ಹೆಸರಿಲ್ಲ. ನೆರೆಯವರ ಭಕ್ತಿಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಭಕ್ತಿಯ ಹೆಸರಿನಲ್ಲಿ ಬಡತನವನ್ನೂ ಜಾತಿಯ ದರ್ಪವನ್ನೂ ಒಂದು ಮಗುವಿನ ಕೊರಳಿಗೆ ಕಟ್ಟಿದ್ದನ್ನು ಮಾತ್ರ ನಾವು ಮರೆಯಲಾಗದು.

1934ರಲ್ಲಿ ಮುಂಬಯಿ ಶಾಸನಸಭೆಯು ದೇವದಾಸಿ ಸಂರಕ್ಷಣಾ ಕಾಯಿದೆಯನ್ನು ಮಾಡಿತು. ಮುತ್ತು ಕಟ್ಟಿಸಿಕೊಂಡವಳೂ ವಿವಾಹವಾಗಬಹುದು, ಆ ವಿವಾಹ ಸಿಂಧು ಎಂದು ಅದು ಸಾರಿತು. ಆದರೆ ಅದು ಬ್ರಿಟಿಷ್ ಪ್ರಾಂತದ ಕಾಯಿದೆ. ಬೀಳಗಿಗೆ ಅನ್ವಯಿಸಿದರೂ ಸಂಸ್ಥಾನಗಳ ಗಡಿಯನ್ನು ತಾನಾಗಿ ದಾಟುವಂತಿರಲಿಲ್ಲ. ಬಳಿಕ ಕರ್ನಾಟಕವು 1982ರಲ್ಲಿ ತನ್ನದೇ ನಿಷೇಧ ಕಾಯಿದೆಯನ್ನು ಅಂಗೀಕರಿಸಿತು. ಆದರೂ ಸರಕಾರದ 1993–94ರ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 22,873 ದೇವದಾಸಿಯರು ಕಂಡುಬಂದರು. 2007–08ರ ಎರಡನೆಯ ಸಮೀಕ್ಷೆಯ ಬಳಿಕ ಆ ಸಂಖ್ಯೆ 46,660ಕ್ಕೆ ಏರಿತು. ಕಾಯಿದೆ ಬರೆಯುವುದು ಒಂದು, ಮನಸ್ಸು ತಿರುಗುವುದು ಇನ್ನೊಂದು.

ಧರ್ಮಸಭೆಯ ನಿಲುವಾದರೂ ಏನು? ವಿವಾಹವನ್ನು ಉಂಟುಮಾಡುವುದು ವಧೂವರರ ಸಮ್ಮತಿಯೇ. ಅದನ್ನು ತಂದೆತಾಯಿಗಳಾಗಲಿ ಬಂಧುಗಳಾಗಲಿ ಅವರ ಪರವಾಗಿ ಕೊಡಲಾರರು. ಬಲಾತ್ಕಾರದಿಂದಲೂ ಭಯದಿಂದಲೂ ಆದ ವಿವಾಹ ವಿವಾಹವೇ ಅಲ್ಲ. ಸೋದರಮಾವನೊಡನೆ ವಿವಾಹಕ್ಕೂ ರಕ್ತಸಂಬಂಧದ ಅಡ್ಡಿಯಿದೆ. ವಿಶೇಷ ಅನುಮತಿಯಿಲ್ಲದೆ ಅದು ಸಿಂಧುವಾಗದು. ಹಾಗೆಂದು ನಾವು ಬೀಗಬೇಕಾಗಿಲ್ಲ. 1918ರಲ್ಲಿ ಧರ್ಮಸಭೆಯ ಸಂಹಿತೆ ಜಾರಿಗೆ ಬರುವವರೆಗೆ ಕನ್ಯೆಗೆ 12 ವರ್ಷ ತುಂಬಿದರೆ ಸಾಕೆಂದೇ ನಮ್ಮ ನಿಯಮವಿತ್ತು. ಆ ಬಳಿಕವೂ 14 ಮಾತ್ರ. 18 ವರ್ಷ ತುಂಬಲೇಬೇಕೆಂದು ನಮ್ಮೆಲ್ಲರಿಗೂ ವಿಧಿಸಿದ್ದು 1978ರಲ್ಲಿ ದೇಶದ ಕಾನೂನು. ಅಷ್ಟೇ ಅಲ್ಲ, ವಿವಾಹದ ಹೊರಗೆ ಹುಟ್ಟಿದವನು ವಿಶೇಷ ವಿನಾಯಿತಿಯಿಲ್ಲದೆ ಗುರುಪಟ್ಟ ಪಡೆಯುವಂತಿರಲಿಲ್ಲ. ತಾನು ಮಾಡದ ತಪ್ಪಿಗೆ ಮಗು ದಂಡ ತೆರುತ್ತಿತ್ತು. 1983ರ ಹೊಸ ಸಂಹಿತೆಯು ಆ ಅಡ್ಡಿಯನ್ನು ತೆಗೆದುಹಾಕಿತು. 2016ರಲ್ಲಿ ಜಗದ್ಗುರು ಫ್ರಾನ್ಸಿಸರು ಕುಟುಂಬ ಪ್ರೇಮವನ್ನು ಕುರಿತ ತಮ್ಮ ಪತ್ರದಲ್ಲಿ, ಮುರಿದ ಮನೆಗಳವರನ್ನು ತೀರ್ಪಿಗಿಂತ ಮೊದಲು ಕರುಣೆಯಿಂದ ಜತೆಗೂಡಿ ನಡೆಸಬೇಕೆಂದು ಬೋಧಿಸಿದರು.

ಇಂದು ಕಾಲ ಬದಲಾಗಿದೆ. ಹೆಣ್ಣುಮಕ್ಕಳು ಓದುತ್ತಾರೆ, ದುಡಿಯುತ್ತಾರೆ, ತಮ್ಮ ಬಾಳಸಂಗಾತಿಯನ್ನು ತಾವೇ ಆರಿಸಬಯಸುತ್ತಾರೆ. ಇದನ್ನು ಕುಟುಂಬದ ಕುಸಿತವೆಂದು ಹಲುಬುವ ಹಿರಿಯರು ನಮ್ಮಲ್ಲಿಯೂ ಇದ್ದಾರೆ. ಆದರೆ ಪೀಠದ ಮುಂದೆ ನಾವು ಶತಮಾನಗಳಿಂದ ಕೇಳುತ್ತಾ ಬಂದ ಪ್ರಶ್ನೆಗೆ ಹುಡುಗಿಯು ಈಗ ನಿಜವಾಗಿ ಉತ್ತರಿಸತೊಡಗಿದರೆ ಅದಕ್ಕೆ ನಾವು ಅಂಜುವುದೇಕೆ? ಕೇಳುವುದು ಬಾಯಿಮಾತಿಗಾಗಿ ಎಂದಾದರೆ ಮಾತ್ರ ಅಂಜಬೇಕು. ವರದಕ್ಷಿಣೆಯ ಲೆಕ್ಕ ಮುಗಿದ ಮೇಲೆ ಪಡೆದ ಸಮ್ಮತಿ ಎಷ್ಟರಮಟ್ಟಿಗೆ ಸ್ವತಂತ್ರ ಎಂಬುದನ್ನೂ ನಾವು ನಮ್ಮನ್ನೇ ಕೇಳಿಕೊಳ್ಳಬೇಕು.

ಕೊನೆಯದಾಗಿ ಒಂದು ಮಾತು. ಸಂತ ಮತ್ತಾಯನು ಬರೆದ ಪ್ರಭುವಿನ ವಂಶಾವಳಿಯಲ್ಲಿ ತಾಮಾರಳೂ ರಾಹಾಬಳೂ ಇದ್ದಾರೆ. ಊರಿನವರು ಬೆರಳು ತೋರಬಹುದಾಗಿದ್ದ ಹೆಂಗಸರನ್ನು ಶುಭಸಂದೇಶವು ಮರೆಮಾಡಲಿಲ್ಲ. ಮರಿಯಳನ್ನು ಮನೆಗೆ ಕರೆತಂದು ಮಗುವಿಗೆ ಯೇಸು ಎಂದು ಹೆಸರಿಟ್ಟವರು ಸಂತ ಜೋಸೆಫರು. ಆ ಮಗು ತಮ್ಮ ರಕ್ತದ್ದಲ್ಲವೆಂದು ಅವರು ಬಲ್ಲವರಾಗಿದ್ದರು. ನಾಳೆ ಒಬ್ಬ ದೇವದಾಸಿಯ ಮಗಳು ವಧುವಾಗಿಯೋ ಸೊಸೆಯಾಗಿಯೋ ನಮ್ಮ ಹೊಸ್ತಿಲಲ್ಲಿ ನಿಂತರೆ, ತಂದೆ ಯಾರೆಂದು ಕೇಳುವೆವೋ, ಒಳಗೆ ಬಾ ತಾಯಿ ಎನ್ನುವೆವೋ? ಮುಂದಿನ ನೂರು ವರ್ಷಗಳ ನಮ್ಮ ಚರಿತ್ರೆಯು ಆ ಉತ್ತರದಿಂದ ಆರಂಭವಾಗಲಿ ಎಂದು ನಜರೇತಿನ ಪವಿತ್ರ ಕುಟುಂಬದ ಸನ್ನಿಧಿಯಲ್ಲಿ ಪ್ರಾರ್ಥಿಸುತ್ತೇವೆ.