ಕೆಲಸ ಮಾಡುತ್ತಲೇ ಕಲಿತವರು: ಬಾಲವಾಡಿಯ ಆಯಾಗಳ ಚರಿತ್ರೆ



ನೀವು ಮೊದಲ ಸಲ ಶಾಲೆಯ ಹೊಸ್ತಿಲು ದಾಟಿದ ದಿನವನ್ನು ಸ್ವಲ್ಪ ನೆನಪಿಸಿಕೊಳ್ಳಿ. ಹಾಜರಿ ಕೂಗಿದವರ ಹೆಸರು ನೆನಪಿಗೆ ಬರಬಹುದು. ಆದರೆ ಅಳುತ್ತಿದ್ದ ನಿಮ್ಮನ್ನು ಎತ್ತಿಕೊಂಡು, ಮೂಗು ಒರೆಸಿ, ಕೈಗೊಂದು ಬಳಪ ಕೊಟ್ಟು ಕೂರಿಸಿದವರ ಹೆಸರು? ನಿಪ್ಪಾಣಿಯಲ್ಲಿ ನಾನು ಹೋಗುತ್ತಿದ್ದ ಬಾಲವಾಡಿಯಲ್ಲಿ ಆ ಕೆಲಸ ಮಾಡುತ್ತಿದ್ದವರು ನನ್ನ ಖಾಲಾ. ಏಳನೆಯ ಇಯತ್ತೆಯವರೆಗೆ ಓದಿದ್ದರು. ಹುದ್ದೆಯ ಹೆಸರು ಆಯಾ. ಮೊದಲ ವರ್ಷವೆಲ್ಲ ಕಸ ಗುಡಿಸುವುದು, ನೀರು ತುಂಬುವುದು, ಓಣಿಯ ಮಕ್ಕಳನ್ನು ಮನೆಮನೆಯಿಂದ ಕರೆತರುವುದು. ಮೂರನೆಯ ವರ್ಷದ ಹೊತ್ತಿಗೆ ಬಾಯಿ ರಜೆ ಹಾಕಿದ ದಿನ ಇಡೀ ಬಾಲವಾಡಿಯನ್ನು ಒಬ್ಬರೇ ನಡೆಸುತ್ತಿದ್ದರು. (ನಮ್ಮ ಗಡಿಯ ಊರುಗಳಲ್ಲಿ ಶಿಕ್ಷಕಿಯನ್ನು ಬಾಯಿ ಎಂದು ಕರೆಯುವುದು ರೂಢಿ.) ಹದಿನಾರು ವರ್ಷ ದುಡಿದು ಬಿಟ್ಟು ಬಂದಾಗ, ಈಕೆ ಇಲ್ಲಿ ಇಂಥ ಕೆಲಸ ಮಾಡಿದ್ದಾರೆ ಎಂಬ ಒಂದು ಸಾಲಿನ ಕಾಗದವೂ ಅವರ ಕೈಗೆ ಬರಲಿಲ್ಲ.

ಬಿ.ಎಡ್. ಓದುವಾಗ ನಾನು ಫ್ರೋಬೆಲ್, ಮಾಂಟೆಸ್ಸರಿ ಎಂದು ಉತ್ತರ ಬರೆದು ಒಳ್ಳೆಯ ಅಂಕ ಪಡೆದೆ. ಮೊದಲ ದಿನ ಮಗು ಅತ್ತರೆ ಏನು ಮಾಡಬೇಕೆಂಬುದು ಮಾತ್ರ ಆ ಉತ್ತರಗಳಲ್ಲಿ ಇರಲಿಲ್ಲ. ಖಾಲಾ ಹೇಳುತ್ತಿದ್ದ ಉರ್ದು ಮಾತನ್ನು ಕನ್ನಡದಲ್ಲಿ ಹೇಳುವುದಾದರೆ, “ಅಳುವ ಮಗುವಿಗೆ ಸುಮ್ಮನಿರು ಅನ್ನಬೇಡ, ಏನಾದರೂ ಕೆಲಸ ಕೊಡು.” ಪಾಟಿ ಹಂಚುವ ಕೆಲಸ, ಚಪ್ಪಲಿಗಳನ್ನು ಸಾಲಾಗಿ ಇಡುವ ಕೆಲಸ. ಮಗು ಅಳು ಮರೆತು ಯಜಮಾನನಾಗುತ್ತದೆ. ಈ ಉಪಾಯವನ್ನು ಅವರಿಗೆ ಯಾರೂ ಉಪನ್ಯಾಸದಲ್ಲಿ ಹೇಳಿದ್ದಲ್ಲ, ಬಾಯಿಯ ಪಕ್ಕದಲ್ಲಿ ನಿಂತು ನೋಡಿ ಕಲಿತದ್ದು. ಇಂಥವರ ಚರಿತ್ರೆಯನ್ನು ನನಗೆ ತಿಳಿದಷ್ಟು ನಿಮ್ಮ ಮುಂದಿಡುತ್ತೇನೆ.

ಪಕ್ಕದಲ್ಲಿ ಕೂತು ಕಲಿಯುವುದು ನಮ್ಮ ಭಾಗಕ್ಕೆ ಹೊಸದೇನಲ್ಲ. ಅಥಣಿ, ನಿಪ್ಪಾಣಿಗಳಲ್ಲಿ ಚಪ್ಪಲಿ ಹೊಲಿಯುವ ಮನೆಗಳಿಗೆ ಹೋಗಿ ನೋಡಿ, ಮಕ್ಕಳು ದೊಡ್ಡವರ ಕೈ ನೋಡುತ್ತಲೇ ಕಸಬು ಕಲಿತಿರುತ್ತಾರೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿಯೂ ಸೇರಿದಂತೆ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಅದು ಸಂದಿತು. ಕಲಿಸುವ ಕಸಬೂ ಒಂದು ಕಾಲಕ್ಕೆ ಹೀಗೆಯೇ ಬರುತ್ತಿತ್ತು. ಹಳೆಯ ಮಕ್ತಬ್‌ಗಳಲ್ಲಿ ಮೌಲ್ವಿ ಸಾಹೇಬರ ಕೈಕೆಳಗೆ ಹಿರಿಯ ವಿದ್ಯಾರ್ಥಿಯೊಬ್ಬ ‘ಖಲೀಫಾ’ ಆಗಿ ಚಿಕ್ಕವರಿಗೆ ಅಲಿಫ್, ಬೇ ಹೇಳಿಕೊಡುತ್ತಿದ್ದ. ಐಗಳ ಮಠಗಳಲ್ಲಿಯೂ ದೊಡ್ಡ ಹುಡುಗರೇ ಸಣ್ಣವರ ಬೆರಳು ಹಿಡಿದು ಮರಳಿನ ಮೇಲೆ ತಿದ್ದಿಸುತ್ತಿದ್ದರು. ಮದರಾಸಿನ ಎಗ್ಮೋರ್‌ನ ಅನಾಥಾಲಯವನ್ನು ನೋಡಿಕೊಳ್ಳುತ್ತಿದ್ದ ಪಾದ್ರಿ ಆಂಡ್ರ್ಯೂ ಬೆಲ್ ಈ ದೇಶೀ ಪದ್ಧತಿಯನ್ನು ಕಂಡು ತನ್ನ ಶಾಲೆಯಲ್ಲಿ ಅಳವಡಿಸಿ, 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ. ಅಲ್ಲಿ ಅದು ‘ಮದ್ರಾಸ್ ಪದ್ಧತಿ’ ಎಂದೇ ಹೆಸರಾಯಿತು. ಮುಂದೆ 1846ರಲ್ಲಿ ಇಂಗ್ಲೆಂಡಿನ ಸರ್ಕಾರ ಹದಿಮೂರು ವರ್ಷದ ಮಕ್ಕಳನ್ನು ಮುಖ್ಯೋಪಾಧ್ಯಾಯರ ಕೈಕೆಳಗೆ ಐದು ವರ್ಷ ಶಿಷ್ಯವೃತ್ತಿಗೆ ಹಚ್ಚುವ ಕ್ರಮವನ್ನು ತಂದಿತು. ಅಷ್ಟೇಕೆ, 1907ರ ಜನವರಿ 6ರಂದು ರೋಮ್ ನಗರದ ಬಡವರ ಬಡಾವಣೆಯಲ್ಲಿ ಮಾಂಟೆಸ್ಸರಿಯವರು ತೆರೆದ ಮೊದಲ ಮಕ್ಕಳ ಮನೆಯನ್ನು ದಿನವೂ ನೋಡಿಕೊಂಡವಳು ಆ ಕಟ್ಟಡದ ಕಾವಲುಗಾರನ ಮಗಳು. ಶಿಕ್ಷಕಿಯ ತರಬೇತಿ ಆಕೆಗೆ ಇರಲಿಲ್ಲ. ಪರೀಕ್ಷೆಯಲ್ಲಿ ಮಾಂಟೆಸ್ಸರಿಯ ಹೆಸರು ಬರೆದ ನಮಗೆ ಈ ಹುಡುಗಿಯ ಪ್ರಶ್ನೆ ಎಂದೂ ಬಂದಿರಲಿಲ್ಲ!

ಇನ್ನು ನಮ್ಮ ಹತ್ತಿರಕ್ಕೆ ಬರೋಣ. ಚಿಕ್ಕೋಡಿ, ಅಥಣಿ ತಾಲೂಕುಗಳು 1956ರ ನವೆಂಬರ್ 1ರವರೆಗೆ ಮುಂಬಯಿಯ ಆಡಳಿತದಲ್ಲಿದ್ದವು. ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಮುಸ್ಲಿಂ ವಿದ್ಯಾರ್ಥಿಗಳಿಗಾಗಿ 1906ರಲ್ಲಿ ಕೊಲ್ಹಾಪುರದಲ್ಲಿ ವಸತಿಗೃಹಕ್ಕೆ ನೆರವಾದ ಶಾಹು ಮಹಾರಾಜರೇ 1917ರಲ್ಲಿ ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯ ಮಾಡಿದರು. ಆದರೆ ಕಡ್ಡಾಯ ಮಾಡಿದರೂ ಹೆಣ್ಣುಮಕ್ಕಳನ್ನು ಶಾಲೆಗೆ ತರುವುದು ಕಷ್ಟ. ಕಾರಣ ನಿಮಗೂ ಗೊತ್ತು, ಎಂಟು ವರ್ಷದ ಅಕ್ಕನ ಸೊಂಟದ ಮೇಲೆ ಒಂದು ವರ್ಷದ ತಮ್ಮ ಕೂತಿರುತ್ತಾನೆ. ತಾಯಿ ಕೂಲಿಗೆ ಹೋಗಬೇಕಾದರೆ ಅಕ್ಕ ಮನೆಯಲ್ಲಿರಲೇಬೇಕು.

ಈ ಗಂಟನ್ನು ಬಿಚ್ಚಲು ಹೊರಟವರು ತಾರಾಬಾಯಿ ಮೋಡಕ್. ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಆರಂಭಿಸಿದ ಬಾಲಮಂದಿರದಲ್ಲಿ ಅವರೊಡನೆ ದುಡಿದ ತಾರಾಬಾಯಿ 1945ರಲ್ಲಿ ಠಾಣೆ ಜಿಲ್ಲೆಯ ಬೋರ್ಡಿ ಎಂಬ ಹಳ್ಳಿಗೆ ಬಂದರು. ಮಕ್ಕಳು ಬಾಲವಾಡಿಗೆ ಬರಲಿಲ್ಲ. ಸರಿ, ಬಾಲವಾಡಿಯೇ ಮಕ್ಕಳ ಮನೆಯಂಗಳಕ್ಕೆ ಹೋಯಿತು. ಅಂಗನವಾಡಿ ಎಂಬ ಮಾತಿನ ಬೇರು ಆ ಅಂಗಳದಲ್ಲಿದೆ. ಮಾಂಟೆಸ್ಸರಿಯ ದುಬಾರಿ ಸಾಮಾನುಗಳ ಬದಲು ಚಿಪ್ಪು, ಎಲೆ, ಬೀಜ, ಮಣ್ಣು ಬಂದವು. ಅವರಿಗೆ ಜೊತೆಯಾದ ಅನುತಾಯಿ ವಾಘ್ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವರು. ಶಿಶುಶಿಕ್ಷಣವನ್ನು ತಾರಾಬಾಯಿಯವರ ಪಕ್ಕದಲ್ಲಿ ನಿಂತು, ಮಕ್ಕಳನ್ನು ಮೀಯಿಸುತ್ತ, ಉಗುರು ಕತ್ತರಿಸುತ್ತ ಕಲಿತರು. 1957ರಲ್ಲಿ ಕೆಲಸ ಕೋಸ್‌ಬಾಡದ ಗುಡ್ಡಕ್ಕೆ, ಆದಿವಾಸಿಗಳ ನಡುವೆ ಸಾಗಿತು. ಅಲ್ಲಿ ಕೂಸಿನ ಮನೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಕಡೆ ಇಟ್ಟರು. ತಮ್ಮನನ್ನು ಎತ್ತಿಕೊಂಡು ಬಂದ ಅಕ್ಕ ಅವನನ್ನು ಅಲ್ಲೇ ಬಿಟ್ಟು ತನ್ನ ತರಗತಿಗೆ ಹೋಗಬಹುದಾಗಿತ್ತು. ತಾರಾಬಾಯಿಯವರಿಗೆ 1962ರಲ್ಲಿ ಪದ್ಮಭೂಷಣ, ಅನುತಾಯಿಯವರಿಗೆ 1985ರಲ್ಲಿ ಪದ್ಮಶ್ರೀ ಸಂದಿತು. ಗುರುವಿಗೂ ಕೆಲಸದಲ್ಲೇ ಕಲಿತ ಶಿಷ್ಯೆಗೂ ಗೌರವ ಸಿಕ್ಕ ಅಪರೂಪದ ಉದಾಹರಣೆ ಇದು ಎಂದರೆ ತಪ್ಪಾಗಲಾರದು.

ಉರ್ದು ಓದುವ ನಮಗೆ ಇನ್ನೊಂದು ಹೆಸರು ಪರಿಚಯವಿರಬೇಕು. ಜರ್ಮನಿಯ ಯಹೂದಿ ಮಹಿಳೆ ಗೆರ್ಡಾ ಫಿಲಿಪ್ಸ್‌ಬಾರ್ನ್. ಬರ್ಲಿನ್ನಿನಲ್ಲಿ ಡಾ. ಜಾಕಿರ್ ಹುಸೇನರ ಪರಿಚಯವಾಗಿದ್ದ ಇವರು 1930ರ ದಶಕದ ಆರಂಭದಲ್ಲಿ ದೆಹಲಿಯ ಜಾಮಿಯಾ ಮಿಲ್ಲಿಯಾಕ್ಕೆ ಬಂದು ಚಿಕ್ಕ ಮಕ್ಕಳ ಹೊಣೆ ಹೊತ್ತರು. ಮಕ್ಕಳು ‘ಆಪಾಜಾನ್’ ಎಂದು ಕರೆದರು. 1943ರಲ್ಲಿ ತೀರಿಕೊಂಡಾಗ ಜಾಮಿಯಾದ ಕಬ್ರಸ್ತಾನದಲ್ಲೇ ಮಣ್ಣು ಮಾಡಿದರು. ಅಲ್ಲಿಯ ಮಕ್ಕಳ ದಿನಪಾಲನಾ ಕೇಂದ್ರಕ್ಕೆ ಅವರ ಹೆಸರಿದೆ.

ನಿಪ್ಪಾಣಿಯ ವಿಷಯ ಬೇರೆ. ಇಲ್ಲಿ ತಾಯಂದಿರು ಕೆಲಸಕ್ಕೆ ಹೋಗುತ್ತಿದ್ದದ್ದು ತಂಬಾಕಿನ ವಖಾರಿಗಳಿಗೆ. ಧೂಳು, ಘಾಟು, ಕೆಮ್ಮು. ಬೀಡಿ ಕಟ್ಟುವವರ ಮನೆಗಳಲ್ಲಂತೂ ಮಗು ಮಲಗುವುದೂ ತಂಬಾಕಿನ ಮೊರದ ಪಕ್ಕದಲ್ಲೇ. ಇಲ್ಲಿಯ ಮಹಿಳಾ ಕಾರ್ಮಿಕರ ಹೋರಾಟ ಎಷ್ಟು ಹೆಸರಾಯಿತೆಂದರೆ ‘ಯುಗಾಂತರ್’ ಎಂಬ ಮಹಿಳಾ ಚಿತ್ರತಂಡ 1982ರಲ್ಲಿ ಅದರ ಬಗ್ಗೆ ಸಾಕ್ಷ್ಯಚಿತ್ರವನ್ನೇ ತೆಗೆಯಿತು. ಕಾನೂನಿನಲ್ಲಿ ಈ ಮಕ್ಕಳಿಗೂ ಜಾಗವಿತ್ತು. 1948ರ ಕಾರ್ಖಾನೆ ಕಾಯಿದೆಯ 48ನೆಯ ಕಲಮಿನ ಪ್ರಕಾರ ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ (1976ರ ತಿದ್ದುಪಡಿಯ ನಂತರ ಮೂವತ್ತಕ್ಕಿಂತ ಹೆಚ್ಚು) ಆರು ವರ್ಷದೊಳಗಿನ ಮಕ್ಕಳಿಗೆ ಕೂಸಿನ ಮನೆ ಇರಬೇಕಾಗಿತ್ತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯಲ್ಲೂ ಇಂಥದೇ ಕಲಮು ಬಂತು. ಓದುಗರೇ, ಕಾರ್ಖಾನೆ ಕಾಯಿದೆಯ ಒಂದು ಷರತ್ತನ್ನು ಗಮನಿಸಿ. ಆ ಕೋಣೆ, ಮಕ್ಕಳ ಪಾಲನೆಯಲ್ಲಿ ತರಬೇತಿ ಪಡೆದ ಹೆಂಗಸರ ವಶದಲ್ಲಿರಬೇಕಾಗಿತ್ತು. ಕಾಯಿದೆ ‘ತರಬೇತಿ ಪಡೆದವರು’ ಎಂದಿತು. ನಿಪ್ಪಾಣಿಯ ಓಣಿಯ ಒಬ್ಬ ಹೆಣ್ಣುಮಗಳು ಆ ತರಬೇತಿಯನ್ನು ಎಲ್ಲಿಗೆ ಹೋಗಿ ಪಡೆಯಬೇಕೆಂದು ಹೇಳಲಿಲ್ಲ. 1961ರ ಅಪ್ರೆಂಟಿಸ್ ಕಾಯಿದೆ ಬಂದಾಗ ಗೊತ್ತುಪಡಿಸಿದ ಕಸಬು ಕಲಿಯುವ ಹುಡುಗನಿಗೆ ಕರಾರುಪತ್ರ, ಇಷ್ಟು ತಿಂಗಳೆಂಬ ಅವಧಿ, ವಿದ್ಯಾರ್ಥಿವೇತನ, ಕೊನೆಗೆ ಪರೀಕ್ಷೆ ಎಲ್ಲವೂ ನಿಗದಿಯಾದವು. ಫಿಟ್ಟರ್ ಹುಡುಗ ಅವಧಿ ಮುಗಿಸಿ ಕಾಗದ ಹಿಡಿದು ಹೊರಬಂದ. ಖಾಲಾ ಹದಿನಾರು ವರ್ಷ ಅಪ್ರೆಂಟಿಸ್ ಆಗಿಯೇ ಉಳಿದರು.

1969ರಲ್ಲಿ ದೆಹಲಿಯ ಕಟ್ಟಡ ಕೆಲಸದ ಜಾಗದಲ್ಲಿ ಮೀರಾ ಮಹಾದೇವನ್ ಆರಂಭಿಸಿದ ‘ಮೊಬೈಲ್ ಕ್ರೆಶಸ್’ ಸಂಸ್ಥೆ ಇದಕ್ಕೊಂದು ದಾರಿ ತೋರಿಸಿತು. ಕೂಲಿಕಾರರ ಮಕ್ಕಳನ್ನು ನೋಡಿಕೊಳ್ಳುವ ಹೆಣ್ಣುಮಕ್ಕಳಿಗೆ ಅಲ್ಲಿಯೇ, ಕೆಲಸದ ನಡುವೆಯೇ ತರಬೇತಿ. ಅಲ್ಲಿ ದುಡಿದ ಮೀನಾ ಸ್ವಾಮಿನಾಥನ್ ಅವರ ಅಧ್ಯಕ್ಷತೆಯ ಅಧ್ಯಯನ ತಂಡ 1972ರಲ್ಲಿ ಕೊಟ್ಟ ವರದಿಯ ವಿಚಾರಗಳು ಮುಂದೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗೆ ಒದಗಿಬಂದವು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲ ಪಾಳಿ ಮೈಸೂರು ಜಿಲ್ಲೆಯ ತಿ. ನರಸೀಪುರದ್ದು. ಪ್ರತಿ ಅಂಗನವಾಡಿಗೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಸಂಬಳವಲ್ಲ, ಗೌರವಧನ.

ಗೌರವಧನ ಎಂಬ ಈ ಒಂದು ಮಾತು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ‘ಕರ್ನಾಟಕ ರಾಜ್ಯ ವಿರುದ್ಧ ಅಮೀರ್‌ಬಿ’ ಎಂದು ಕಾನೂನಿನ ಪುಸ್ತಕಗಳಲ್ಲಿ ಹೆಸರಾದ ಪ್ರಕರಣದಲ್ಲಿ, ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರದ ನಾಗರಿಕ ಹುದ್ದೆಯಲ್ಲಿ ಇಲ್ಲ ಎಂದು 2006ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ನಮ್ಮ ರಾಜ್ಯದ ಒಬ್ಬ ಮುಸ್ಲಿಂ ಹೆಣ್ಣುಮಗಳ ಹೆಸರು ದೇಶದ ಲಕ್ಷಾಂತರ ಹೆಂಗಸರ ಸೋಲಿನ ಹೆಸರಾಯಿತಲ್ಲಾ ಎಂದು ನನಗೆ ಬೇಸರವಾಗುತ್ತದೆ. ಸೋತರೂ ಕೇಳಿದವಳು ಆಕೆ ಎಂಬ ಹೆಮ್ಮೆಯೂ ಇದೆ. ಹದಿನೈದು ವರ್ಷ ಕಳೆದ ಮೇಲೆ, 2022ರ ಏಪ್ರಿಲ್ 25ರಂದು ಗುಜರಾತಿನ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು ಹೇಳಿತು. ಅಮೀರ್‌ಬಿ ತೀರ್ಪು ಇದಕ್ಕೆ ಅಡ್ಡಿಯಲ್ಲ ಎಂದೂ ಹೇಳಿತು.

ಕಲಿಕೆಯ ಲೆಕ್ಕವೂ ಈಗೀಗ ಬದಲಾಗುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಪಿಯುಸಿ ಮುಗಿಸಿದ ಕಾರ್ಯಕರ್ತೆಗೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ. ಎರಡೂ ಕೆಲಸ ಬಿಡದೆ, ಟಿವಿ ಮತ್ತು ಮೊಬೈಲ್ ಮೂಲಕ, ತಿಂಗಳಿಗೊಮ್ಮೆಯಾದರೂ ಎದುರಾಬದುರು ತರಗತಿಯೊಂದಿಗೆ. 2022ರ ಪೋಷಣ್ 2.0 ಮಾರ್ಗಸೂಚಿಯಂತೆ ಕಾರ್ಯಕರ್ತೆಯರ ಅರ್ಧದಷ್ಟು ಹುದ್ದೆಗಳನ್ನು ಐದು ವರ್ಷ ಸೇವೆ ಮಾಡಿದ ಅರ್ಹ ಸಹಾಯಕಿಯರಿಗೆ ಬಡ್ತಿ ಕೊಟ್ಟು ತುಂಬಬೇಕು. ಪಕ್ಕದಲ್ಲಿ ನಿಂತು ಕಲಿತದ್ದಕ್ಕೆ ಕಡೆಗೂ ಸರ್ಕಾರ ಒಂದು ಅಂಕಿ ಕೊಟ್ಟಿತು, ಐದು ವರ್ಷ. ಆದರೆ ಈ ನಿಯಮ ಅಂಗನವಾಡಿಗೆ ಮಾತ್ರ. ನಮ್ಮ ಓಣಿಗಳಲ್ಲಿ ಸಂಘಗಳು, ಖಾಸಗಿಯವರು ನಡೆಸುವ ನರ್ಸರಿಗಳಲ್ಲಿ ಕೆಲಸ ಕಲಿಯುತ್ತಿರುವ ಹುಡುಗಿಯರು ಇದರ ಹೊರಗಿದ್ದಾರೆ. ಈ ಪತ್ರಿಕೆ ಓದುವವರಲ್ಲಿ ಅಂಥ ನರ್ಸರಿ ನಡೆಸುವವರೂ ಇರಬಹುದು. ನಿಮ್ಮ ಸಹಾಯಕಿಗೆ ಸೇರಿದ ದಿನಾಂಕವಿರುವ ಆದೇಶಪತ್ರ ಕೊಟ್ಟಿದ್ದೀರಾ? ವರ್ಷಕ್ಕೊಮ್ಮೆ, ಈಕೆ ಇಂತಿಂಥದ್ದು ಕಲಿತಿದ್ದಾಳೆ ಎಂದು ಬರೆದು ಸಹಿ ಹಾಕಿದ್ದೀರಾ? ಅದಕ್ಕೆ ಹಣ ಬೇಕಿಲ್ಲ.

ಕಲಿಯುವುದು ಏನೆಂದು ಕೇಳಿದರೆ ಬಹಳವಿದೆ. ಕಾಗವಾಡ, ಉಗಾರದ ಕಡೆ ಕಬ್ಬಿನ ಹಂಗಾಮು ಶುರುವಾದರೆ ಕಟಾವಿಗೆ ಬಂದವರ ಮಕ್ಕಳು ವರ್ಷದ ನಡುವೆ ಬರುತ್ತಾರೆ, ಹಂಗಾಮು ಮುಗಿದೊಡನೆ ಹೋಗುತ್ತಾರೆ. ಇರುವಷ್ಟು ದಿನ ಆ ಮಗುವಿಗೆ ಒಬ್ಬ ಗೆಳೆಯನನ್ನು ಗೊತ್ತುಮಾಡುವುದು ಒಂದು ವಿದ್ಯೆ. ಚಿಕ್ಕೋಡಿಯ ಸಂತೆಯ ದಿನ ಯಾರ ತಾಯಿ ತಡವಾಗಿ ಬರುತ್ತಾಳೆಂದು ತಿಳಿದಿರುವುದು ಇನ್ನೊಂದು. ನಿಪ್ಪಾಣಿಯ ಮಗು ಮನೆಯಲ್ಲಿ ಉರ್ದುವಿನ ಪಾನಿ, ಪಕ್ಕದ ಮನೆಯಲ್ಲಿ ಮರಾಠಿಯ ಪಾಣಿ, ಬಾಲವಾಡಿಯಲ್ಲಿ ಕನ್ನಡದ ನೀರು ಕೇಳುತ್ತದೆ. ಮೂರನ್ನೂ ಅರ್ಥಮಾಡಿಕೊಂಡು ಲೋಟ ತುಂಬಿಸುವವಳು ಎಷ್ಟೋ ಕಡೆ ಸಹಾಯಕಿಯೇ. ಮೂರು ವರ್ಷದ ಮಗು ನೀರು ಕೇಳಲು ಮಾತು ಸಿಗದೆ ಸುಮ್ಮನೆ ಕೂರುವುದನ್ನು ನೋಡಿದವರಿಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ.

ರಾಯಬಾಗದಲ್ಲಿ ನಮ್ಮ ಸಂಬಂಧಿಕರ ಹುಡುಗಿಯೊಬ್ಬಳು ಪಿಯುಸಿ ಮುಗಿಸಿ ಒಂದು ನರ್ಸರಿಯಲ್ಲಿ ಸಹಾಯಕಿಯಾಗಿ ಸೇರಿದ್ದಾಳೆ. ದಿನವೂ ಕಲಿತದ್ದನ್ನು ಬರೆದಿಡಲು ನಾನು ಇನ್ನೂರು ಪುಟದ ನೋಟುಬುಕ್ಕು ಕೊಟ್ಟೆ. ಉದ್ದೇಶ, ಚಟುವಟಿಕೆ, ಮೌಲ್ಯಮಾಪನ ಎಂದು ಬಿ.ಎಡ್. ಮಾದರಿಯಲ್ಲಿ ಗೆರೆ ಎಳೆದು ಕೊಟ್ಟಿದ್ದೆ. ಕಳೆದ ಈದ್‌ಗೆ ಬಂದಾಗ ಖಾಲಾ ಅದನ್ನು ಕೈಗೆ ತೆಗೆದುಕೊಂಡು ಕನ್ನಡಕ ಹಾಕಿ ಓದಿದರು. ನಂತರ ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ನನ್ನ ಗೆರೆಗಳ ಆಚೆ ಅಂಚಿನಲ್ಲಿ ಇನ್ನೊಂದು ಗೆರೆ ಎಳೆಸಿದರು. “ಇಲ್ಲಿ, ಇವತ್ತು ಯಾರು ಅತ್ತರು, ಯಾಕೆ ಅತ್ತರು, ಅದನ್ನು ಬರಿ.”