ಸಿಸಿಟಿವಿ ಕ್ಯಾಮೆರಾ: ಚರ್ಚ್ ಹಾಗೂ ಸಂಸ್ಥೆಗಳ ಕಾನೂನು ಹೊಣೆಗಾರಿಕೆ

ಕಾಣಿಕೆ ಡಬ್ಬಿ ಕಳವು, ವಾಹನ ಕಳವು, ಕಿಡಿಗೇಡಿಗಳ ಉಪಟಳ ಇವುಗಳನ್ನು ತಡೆಯಲು ಕರಾವಳಿಯ ಅನೇಕ ಚರ್ಚ್, ಶಾಲೆ ಮತ್ತು ಸಭಾಭವನಗಳಲ್ಲಿ ಇಂದು ಸಿಸಿಟಿವಿ ಕ್ಯಾಮೆರಾಗಳಿವೆ. ಆದರೆ ಕ್ಯಾಮೆರಾ ಅಳವಡಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅದರಲ್ಲಿ ದಾಖಲಾಗುವ ದೃಶ್ಯಗಳನ್ನು ಕಾಪಾಡುವ ಹೊಣೆ ಅಂದಿನಿಂದಲೇ ಆರಂಭವಾಗುತ್ತದೆ. ಧರ್ಮಗುರುಗಳು, ಪಾಲನಾ ಮಂಡಳಿಯ ಸದಸ್ಯರು ಹಾಗೂ ಶಾಲಾ ಮುಖ್ಯಸ್ಥರು ತಿಳಿದಿರಬೇಕಾದ ಮುಖ್ಯ ಅಂಶಗಳು ಇಲ್ಲಿವೆ.

ಯಾರಿಗೆ ಕಡ್ಡಾಯ?

2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆಯ ಪ್ರಕಾರ, ಒಂದೇ ಹೊತ್ತಿಗೆ 100 ಅಥವಾ ದಿನವೊಂದಕ್ಕೆ 500 ಮಂದಿ ಸೇರುವ ಸಂಭವವಿರುವ ಸ್ಥಳಗಳಲ್ಲಿ ಕ್ಯಾಮೆರಾ ಕಡ್ಡಾಯ. ಆರಾಧನಾ ಸ್ಥಳ, ಶಾಲೆ, ಆಸ್ಪತ್ರೆಗಳೂ ಇದರಲ್ಲಿ ಸೇರಿವೆ. ಭಾನುವಾರದ ಬಲಿಪೂಜೆಗೆ 100 ಮಂದಿ ಸೇರುವ ಚರ್ಚ್ ಕೂಡ ಇದರ ವ್ಯಾಪ್ತಿಗೆ ಬರುತ್ತದೆ. ದೃಶ್ಯಗಳನ್ನು 30 ದಿನ ಉಳಿಸಿಕೊಳ್ಳಬೇಕು. ಹಾರ್ಡ್ ಡಿಸ್ಕ್ ಚಿಕ್ಕದಾಗಿದ್ದರೆ ಹಳೆಯ ದೃಶ್ಯಗಳು ಅದಕ್ಕೂ ಮೊದಲೇ ಅಳಿಸಿಹೋಗುತ್ತವೆ. ಇದನ್ನು ಅಳವಡಿಸಿದವರಿಂದ ಖಚಿತಪಡಿಸಿಕೊಳ್ಳಿ.

ಎಲ್ಲಿ ಇಡಬಾರದು?

ಗೇಟು, ವಾಹನ ನಿಲ್ಲಿಸುವ ಜಾಗ, ಗ್ರೊಟ್ಟೊ, ಕಾಣಿಕೆ ಡಬ್ಬಿ ಇರುವಲ್ಲಿ ಕ್ಯಾಮೆರಾ ಇಡಬಹುದು. ಶೌಚಾಲಯ, ಬಟ್ಟೆ ಬದಲಾಯಿಸುವ ಕೋಣೆ, ಹಾಸ್ಟೆಲಿನ ಮಲಗುವ ಕೋಣೆಗಳಲ್ಲಿ ಖಂಡಿತ ಇಡಬಾರದು. ಒಪ್ಪಿಗೆಯಿಲ್ಲದೆ ವ್ಯಕ್ತಿಯ ಖಾಸಗಿ ಅಂಗಗಳ ಚಿತ್ರ ತೆಗೆಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಂತೆ ಅಪರಾಧ. ಇದಕ್ಕೆ 3 ವರ್ಷಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ನೆರೆಮನೆಯ ಅಂಗಳ, ಕಿಟಕಿಗಳತ್ತ ಕ್ಯಾಮೆರಾ ತಿರುಗಿಸುವುದೂ ಸರಿಯಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ತೀರ್ಪು ನೀಡಿದೆ.

ಪಾಪನಿವೇದನೆ ನಡೆಯುವ ಜಾಗದ ಬಗ್ಗೆ ವಿಶೇಷ ಎಚ್ಚರ ಬೇಕು. ಕೆಲವು ಕ್ಯಾಮೆರಾಗಳಲ್ಲಿ ಧ್ವನಿಯೂ ದಾಖಲಾಗುತ್ತದೆ. ಪಾಪನಿವೇದನೆಯ ಮಾತುಗಳನ್ನು ಯಂತ್ರದ ಮೂಲಕ ದಾಖಲಿಸುವುದು ಧರ್ಮಸಭೆಯ ಕಾನೂನಿನಲ್ಲಿ (ಕಲಮು 1386) ಶಿಕ್ಷಾರ್ಹ. ಆದ್ದರಿಂದ ಅಲ್ಲಿಗೆ ಹತ್ತಿರದ ಕ್ಯಾಮೆರಾದ ಮೈಕ್ ಸ್ಥಗಿತಗೊಳಿಸಿ.

ವಾಟ್ಸ್ಆಪ್‌ನಲ್ಲಿ ಹಂಚಬೇಡಿ

ಕಳವು ನಡೆದೊಡನೆ ಆ ದೃಶ್ಯವನ್ನು ಗುಂಪುಗಳಿಗೆ ಕಳುಹಿಸುವವರಿದ್ದಾರೆ. ಅದರಲ್ಲಿರುವವನು ನಿರಪರಾಧಿಯಾಗಿದ್ದರೆ ಅವನ ಮಾನ ಮರಳಿ ಬಾರದು, ಕಳುಹಿಸಿದವರು ಮಾನನಷ್ಟ ಮೊಕದ್ದಮೆ ಎದುರಿಸಬೇಕಾದೀತು. ಆರೋಪಕ್ಕೆ ಒಳಗಾದವನು 18 ವರ್ಷ ತುಂಬದ ಬಾಲಕನಾಗಿದ್ದರೆ ಅವನ ಗುರುತು ಬಹಿರಂಗಪಡಿಸುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಕಲಮು ನಿಷೇಧಿಸಿದೆ. ದೃಶ್ಯವನ್ನು ಪೊಲೀಸರಿಗೆ ಮಾತ್ರ ಕೊಡಿ.

ಪೊಲೀಸರು ಕೇಳಿದಾಗ

ಪೊಲೀಸರಿಂದ ಲಿಖಿತ ನೋಟಿಸು ಪಡೆಯಿರಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಂತೆ ದಾಖಲೆ ಕೇಳುವ ಅಧಿಕಾರ ಅವರಿಗಿದೆ. ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ. ಪ್ರತಿಯನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರಲ್ಲಿ ಉಪಕರಣದ ಉಸ್ತುವಾರಿಯವರೂ ಸಹಿ ಮಾಡಬೇಕಾಗುತ್ತದೆ. ಸಾಕ್ಷ್ಯ ಸಿಗದಿರಲೆಂದು ದೃಶ್ಯ ಅಳಿಸಿಹಾಕುವುದು ಅಪರಾಧ, ಅದು ನಮ್ಮವರ ವಿರುದ್ಧವೇ ಇದ್ದರೂ ಸರಿಯೆ.

ಹೊಸ ಕಾಯ್ದೆ

ಗುರುತು ಹಿಡಿಯಬಹುದಾದ ಮುಖದ ಡಿಜಿಟಲ್ ದೃಶ್ಯವೂ ವೈಯಕ್ತಿಕ ದತ್ತಾಂಶವೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳ ಜಾರಿಗೆ ಆಗಿನಿಂದ 18 ತಿಂಗಳ ಅವಧಿ ನೀಡಲಾಗಿದೆ. ಅದಕ್ಕಾಗಿ ಈಗಲೇ ಸಿದ್ಧರಾಗುವುದು ಒಳ್ಳೆಯದು.

ಪಾಲನಾ ಮಂಡಳಿ ಮಾಡಬೇಕಾದದ್ದು

1. ಕ್ಯಾಮೆರಾ ಇದೆಯೆಂದು ಕನ್ನಡ ಮತ್ತು ಕೊಂಕಣಿಯಲ್ಲಿ ಫಲಕ ಹಾಕಿ.
2. ಉಸ್ತುವಾರಿಗೆ ಇಬ್ಬರನ್ನು ನೇಮಿಸಿ, ದೃಶ್ಯ ನೋಡಿದವರ ಹೆಸರು, ದಿನಾಂಕ, ಕಾರಣ ಪುಸ್ತಕದಲ್ಲಿ ಬರೆದಿಡಿ.
3. ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಾಯಿಸಿ.
4. ದಿನಾಂಕ, ಗಂಟೆ ಸರಿಯಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ಸಮಯ ತಪ್ಪಾಗಿದ್ದರೆ ಸಾಕ್ಷ್ಯದ ಬಲ ಕುಗ್ಗುತ್ತದೆ.

ಸಂದೇಹವಿದ್ದಲ್ಲಿ ವಕೀಲರ ಸಲಹೆ ಪಡೆಯಿರಿ.